ಬೆಲ್ಟ್‌ನಲ್ಲಿ ಮೂರನೆಯವನ ಪಾಲು: ಟೆಕ್ಸಾಸ್ ಸಿಕ್ಸ್ ಮ್ಯಾನ್ ಚಾಂಪಿಯನ್‌ಶಿಪ್ ಬಗ್ಗೆ ಮಾತಾಡೋಣ ಬನ್ನಿ

ಕೆಮ್ಮಣ್ಣು:

ಗೆಳೆಯರೇ, ಎರಡು ತಿಂಗಳಿಂದ ರಾತ್ರಿ ಊಟ ಆದಮೇಲೆ ಹಳೇ ಡಲ್ಲಾಸ್ ರೆಸ್ಲಿಂಗ್ ನೋಡುತ್ತಾ ಕೂರುತ್ತಿದ್ದೇನೆ. ವರ್ಲ್ಡ್ ಕ್ಲಾಸ್ ಅಂತ ಕಂಪನಿ. ನಡೆಸುತ್ತಿದ್ದವನು ಫ್ರಿಟ್ಜ್ ವಾನ್ ಎರಿಕ್. ಅವನ ಮಕ್ಕಳು ಕೆವಿನ್, ಡೇವಿಡ್, ಕೆರಿ, ಮೈಕ್, ಕ್ರಿಸ್ ಎಲ್ಲರೂ ಅದೇ ರಿಂಗ್‌ಗೆ ಇಳಿದವರು. ಅಲ್ಲಿ ಮೂವರು ಸೇರಿ ಹಿಡಿಯುವ ಒಂದು ಬೆಲ್ಟ್ ಇತ್ತು. ಸಿಕ್ಸ್ ಮ್ಯಾನ್ ಟ್ಯಾಗ್ ಟೀಮ್ ಚಾಂಪಿಯನ್‌ಶಿಪ್. ಆ ಕಡೆ ಮೂವರು, ಈ ಕಡೆ ಮೂವರು. ಅದರ ಕಥೆ ನನ್ನನ್ನು ಬಿಡುತ್ತಿಲ್ಲ.

1982ರ ಕ್ರಿಸ್‌ಮಸ್ ರಾತ್ರಿ. ಡಲ್ಲಾಸ್‌ನ ರಿಯೂನಿಯನ್ ಅರೇನಾ. ಫ್ಯಾಬ್ಯುಲಸ್ ಫ್ರೀಬರ್ಡ್ಸ್ ಅಂದರೆ ಮೂವರು: ಮೈಕಲ್ ಹೇಯ್ಸ್, ಟೆರ್ರಿ ಗಾರ್ಡಿ, ಬಡ್ಡಿ ರಾಬರ್ಟ್ಸ್. ಆಗಿನ್ನೂ ಅವರು ವಾನ್ ಎರಿಕ್ ಹುಡುಗರ ಸ್ನೇಹಿತರು. ಆ ದಿನ ಸಿಕ್ಸ್ ಮ್ಯಾನ್ ಬೆಲ್ಟ್‌ಗೆ ಪಂದ್ಯ ಇತ್ತು, ಬಡ್ಡಿ ಬಂದಿರಲಿಲ್ಲ. ಅವನ ಜಾಗದಲ್ಲಿ ಡೇವಿಡ್ ವಾನ್ ಎರಿಕ್ ನಿಂತ. ಗೆದ್ದರು. ಗೆದ್ದ ಮೇಲೆ ಡೇವಿಡ್ ತನ್ನ ಪಾಲನ್ನು ಬಡ್ಡಿಗೆ ಬಿಟ್ಟುಕೊಟ್ಟ. ಸ್ನೇಹಿತನ ಬೆಲ್ಟ್ ಸ್ನೇಹಿತನಿಗೇ ಸೇರಲಿ ಅಂತ.

ಅದೇ ರಾತ್ರಿ ದೊಡ್ಡ ಪಂದ್ಯ ಕೆರಿ ಮತ್ತು ಆಗಿನ ವಿಶ್ವ ಚಾಂಪಿಯನ್ ರಿಕ್ ಫ್ಲೇರ್ ನಡುವೆ, ಪಂಜರದೊಳಗೆ. ಹೇಯ್ಸ್ ರೆಫ್ರಿ, ಗಾರ್ಡಿ ಬಾಗಿಲು ಕಾಯುವವನು. ಹೇಯ್ಸ್ ಫ್ಲೇರ್‌ಗೆ ಹೊಡೆದು, ಕೆರಿಗೆ 'ಹೋಗು, ಪಿನ್ ಮಾಡು' ಎನ್ನುತ್ತಾನೆ, ಅಂದರೆ ಅವನ ಬೆನ್ನು ನೆಲಕ್ಕೆ ಒತ್ತಿ ಗೆಲ್ಲು ಅಂತ. ಕೆರಿ ಒಪ್ಪುವುದಿಲ್ಲ. ಮೋಸದಿಂದ ಗೆಲ್ಲುವುದು ಬೇಡ ಅವನಿಗೆ. ಜಗಳ ಹತ್ತುತ್ತದೆ. ಕೊನೆಗೆ ಗಾರ್ಡಿ ಪಂಜರದ ಕಬ್ಬಿಣದ ಬಾಗಿಲನ್ನು ಕೆರಿಯ ತಲೆಗೆ ಬಡಿಯುತ್ತಾನೆ.

ಸ್ವಲ್ಪ ಹೊತ್ತಿನ ಹಿಂದೆ ಅಣ್ಣ ಡೇವಿಡ್ ಇವರ ಪಕ್ಕದಲ್ಲಿ ನಿಂತು ಗೆದ್ದು, ಪಾಲು ಬಿಟ್ಟುಕೊಟ್ಟಿದ್ದ. ಅದೇ ಜನ ತಮ್ಮನ ತಲೆ ಒಡೆದರು. ಬಾಗಿಲಿನ ದೃಶ್ಯ ಎಲ್ಲರಿಗೂ ನೆನಪಿದೆ. ಬೆಲ್ಟ್‌ನ ಪಾಲು ಯಾರಿಗೂ ನೆನಪಿಲ್ಲ. ನನಗೆ ಮಾತ್ರ ಆ ಪಾಲಿನಿಂದಲೇ ಬಾಗಿಲಿನ ಏಟು ಇಷ್ಟು ಜೋರಾಗಿ ಕೇಳುತ್ತದೆ.

1983ರ ಜುಲೈ 4ಕ್ಕೆ ಅದೇ ರಿಯೂನಿಯನ್ ಅರೇನಾದಲ್ಲಿ ಕೆವಿನ್, ಡೇವಿಡ್, ಕೆರಿ ಸೇರಿ ಬೆಲ್ಟ್ ವಾಪಸ್ ತಂದರು. ಅಲ್ಲಿಂದ ಅದು ಆ ಮನೆ, ಈ ಮನೆ ಅಂತ ಓಡಾಡಿತು.

ನೀವೇನಂತೀರಿ? ಮೂವರ ಬೆಲ್ಟ್‌ಗೆ ಅದರದ್ದೇ ಒಂದು ಗುಣ ಇದೆ ಅಂತ ನನಗೆ ಅನ್ನಿಸುತ್ತದೆ. ಇಬ್ಬರಿದ್ದರೆ ಜೋಡಿ. ಮೂರನೆಯವನು ಬಂದ ಕೂಡಲೇ ಅದು ಮನೆ ಆಗುತ್ತದೆ.

ಟ್ರಂಪ್‌ಕಾರ್ಡ್_ಹುಡುಗ:

ಅಣ್ಣ, ಕೆರಿ ವಾನ್ ಎರಿಕ್ ಅಂದರೆ ನಮ್ಮ ಟೆಕ್ಸಾಸ್ ಟೊರ್ನಾಡೋ ಅಲ್ವಾ? ಹೆಸರು ನೋಡಿ ಮೈ ಜುಮ್ಮೆಂದಿತು. ಮನೆಗೆ ಕೇಬಲ್ ಬಂದ ಕಾಲದಲ್ಲಿ ನಾವು ಅವನನ್ನು ಡಬ್ಲ್ಯೂಡಬ್ಲ್ಯೂಎಫ್‌ನವನು ಅಂತ ಮಾತ್ರ ತಿಳಿದಿದ್ದೆವು. 1990ರ ಸಮ್ಮರ್‌ಸ್ಲಾಮ್‌ನಲ್ಲಿ ಮಿಸ್ಟರ್ ಪರ್ಫೆಕ್ಟ್‌ನನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದವನು. ಅಣ್ಣತಮ್ಮಂದಿರ ವಿಷಯ, ಅಪ್ಪನ ಕಂಪನಿ, ಇದೆಲ್ಲ ನನಗೆ ಗೊತ್ತಾಗಿದ್ದು ಮದುವೆ ಆಗಿ ಮಕ್ಕಳಾದ ಮೇಲೆ.

ಇನ್ನೊಂದು ವಿಷಯ. 1986ರ ಬೈಕ್ ಅಪಘಾತದ ನಂತರ ಕೆರಿಯ ಒಂದು ಪಾದವನ್ನೇ ತೆಗೆದಿದ್ದರು. ನಾವು ಟಿವಿಯಲ್ಲಿ ನೋಡಿದ ಅಷ್ಟೂ ಪಂದ್ಯಗಳನ್ನು ಅವನು ಕೃತಕ ಪಾದದಲ್ಲೇ ಆಡಿದ್ದ. ಅದನ್ನು ಯಾರಿಗೂ ತಿಳಿಯದ ಹಾಗೆ ಮುಚ್ಚಿಟ್ಟಿದ್ದ. ಇದು ಗೊತ್ತಾದ ದಿನ ಹಳೇ ಪಂದ್ಯಗಳನ್ನೆಲ್ಲ ಮತ್ತೆ ಹಾಕಿಕೊಂಡು ಬರೀ ಕಾಲು ನೋಡುತ್ತಾ ಕೂತಿದ್ದೆ.

ಹೊಸಬ_ತುಮಕೂರು:

ತಪ್ಪು ತಿಳಿಯಬೇಡಿ, ನಿಜವಾಗಿ ತಿಳಿದುಕೊಳ್ಳೋಕೆ ಕೇಳುತ್ತಿದ್ದೇನೆ. ಇದರಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ ತಾನೇ? ಹಾಗಿದ್ದರೆ ಬೆಲ್ಟ್‌ನ ಇತಿಹಾಸ ಅಂತ ಹೇಳುವುದರಲ್ಲಿ ಏನರ್ಥ? ನಮ್ಮ ಅಜ್ಜ ಗರಡಿಗೆ ಹೋಗುತ್ತಿದ್ದವರು. ಅಲ್ಲಿ ಒಬ್ಬನ ಎದುರು ಒಬ್ಬ, ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಮೂವರು ಸೇರಿ ಹೇಗೆ ಚಾಂಪಿಯನ್ ಆಗುತ್ತಾರೆ?

ಕೆಮ್ಮಣ್ಣು:

ಒಳ್ಳೇ ಪ್ರಶ್ನೆ. ಹೌದು, ಫಲಿತಾಂಶ ಮೊದಲೇ ಗೊತ್ತು. ಯಕ್ಷಗಾನದಲ್ಲಿ ಅಭಿಮನ್ಯು ಸಾಯುತ್ತಾನೆ ಅಂತ ನಮಗೆ ಗೊತ್ತಿಲ್ಲವಾ? ಆದರೂ ಬೆಳಗಿನ ಜಾವದ ತನಕ ಕೂರುತ್ತೇವೆ. ಬೆಲ್ಟ್ ಅಂದರೆ ಕಥೆಯಲ್ಲಿ ಯಾರ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದಾರೆ ಅನ್ನುವುದರ ಗುರುತು.

ಮತ್ತೆ, ಎಲ್ಲವೂ ಬರೆದಿಟ್ಟಿದ್ದಲ್ಲ. 1984ರ ಫೆಬ್ರವರಿ 10ರಂದು ಡೇವಿಡ್ ಟೋಕಿಯೋದ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ. ಇನ್ನೂ 25 ವರ್ಷ. ಅದನ್ನು ಯಾರೂ ಬರೆದಿರಲಿಲ್ಲ. ಮೂವರ ಮನೆಯಲ್ಲಿ ಒಂದು ಜಾಗ ಖಾಲಿ ಆಯಿತು.

ಮೂರು ತಿಂಗಳಾಗಿತ್ತು ಅಷ್ಟೇ. ಮೇ 6ಕ್ಕೆ ಇರ್ವಿಂಗ್‌ನ ಟೆಕ್ಸಾಸ್ ಸ್ಟೇಡಿಯಂನಲ್ಲಿ ಡೇವಿಡ್ ನೆನಪಿಗೆ ದೊಡ್ಡ ಕಾರ್ಯಕ್ರಮ. 32,123 ಜನ ಸೇರಿದ್ದರು. ಸಿಕ್ಸ್ ಮ್ಯಾನ್ ಬೆಲ್ಟ್ ಫ್ರೀಬರ್ಡ್ಸ್ ಹತ್ತಿರ ಇತ್ತು. ಕೆರಿಗೆ ಆ ದಿನ ಫ್ಲೇರ್ ಜೊತೆ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ. ಉಳಿದವರು ಕೆವಿನ್ ಮತ್ತು ಚಿಕ್ಕವನು ಮೈಕ್. ಮೂರನೆಯವನು ಯಾರು?

ಅಪ್ಪ ಬಂದ. ಫ್ರಿಟ್ಜ್ 1982ರಲ್ಲೇ ವಿದಾಯ ಹೇಳಿದ್ದವನು. 54 ವರ್ಷ. ಸತ್ತ ಮಗನ ಜಾಗದಲ್ಲಿ ನಿಲ್ಲೋಕೆ ಮತ್ತೆ ಬೂಟು ಕಟ್ಟಿದ. ಗೆದ್ದರು. ಆಮೇಲೆ ಫ್ರಿಟ್ಜ್ ತನ್ನ ಪಾಲನ್ನು ಕೆರಿಗೆ ಕೊಟ್ಟ. ಅದೇ ದಿನ ಕೆರಿ ಫ್ಲೇರ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ನೂ ಆದ. ಆ ದೊಡ್ಡ ಬೆಲ್ಟ್ ಅವನ ಹತ್ತಿರ ಉಳಿದಿದ್ದು 18 ದಿನ. ಜಪಾನ್‌ನ ಯೊಕೊಸುಕಾದಲ್ಲಿ ಫ್ಲೇರ್ ವಾಪಸ್ ಪಡೆದ.

ಫಲಿತಾಂಶ ಮೊದಲೇ ಗೊತ್ತಿತ್ತು, ನಿಜ. ಆದರೆ ಮಗನ ಜಾಗದಲ್ಲಿ ಅಪ್ಪ ನಿಂತಾಗ ಅವನ ಎದೆಯಲ್ಲಿ ಏನಿತ್ತೋ, ಅದನ್ನು ಯಾರು ಬರೆದುಕೊಡೋಕೆ ಸಾಧ್ಯ?

ಲೆಕ್ಕದಪುಸ್ತಕ:

ಮಂದಿ ಗೊಂದಲ ಮಾಡಿಕೊಳ್ಳಬಾರದು ಅಂತ ಒಂದು ಮಾತು. ಎನ್‌ಡಬ್ಲ್ಯೂಎ ಅಂದರೆ ಬೇರೆ ಬೇರೆ ಊರಿನ ರೆಸ್ಲಿಂಗ್ ಕಂಪನಿಗಳ ಒಕ್ಕೂಟ. ಆ ಕಾಲಕ್ಕೆ ಎನ್‌ಡಬ್ಲ್ಯೂಎ ವರ್ಲ್ಡ್ ಸಿಕ್ಸ್ ಮ್ಯಾನ್ ಅನ್ನುವ ಹೆಸರಿನ ಬೆಲ್ಟ್ ಎರಡಿದ್ದವು. ಒಂದು ಟೆಕ್ಸಾಸ್‌ನದು, ಕೆಮ್ಮಣ್ಣು ಸರ್ ಹೇಳುತ್ತಿರುವುದು. ಇನ್ನೊಂದು ಜಿಮ್ ಕ್ರಾಕೆಟ್ ಕಂಪನಿಯದು, ಕೆರೊಲಿನಾ ಕಡೆ. 1986ರಲ್ಲಿ ವರ್ಲ್ಡ್ ಕ್ಲಾಸ್‌ನವರು ಎನ್‌ಡಬ್ಲ್ಯೂಎ ಬಿಟ್ಟು ಹೊರಬಂದರು. ಆಗ ಟೆಕ್ಸಾಸ್ ಬೆಲ್ಟ್‌ನ ಹೆಸರು ಡಬ್ಲ್ಯೂಸಿಡಬ್ಲ್ಯೂಎ ಅಂತ ಬದಲಾಯಿತು. ಹಳೇ ಪಟ್ಟಿ ನೋಡುವಾಗ ಊರು ಯಾವುದು ಅಂತ ಮೊದಲು ನೋಡಿ.

ಕ್ರಾಕೆಟ್ ಬೆಲ್ಟ್‌ನ ಕಥೆಯೂ ಮೂರನೆಯವನದೇ. ಹಾಕ್ ಮತ್ತು ಆನಿಮಲ್, ಅಂದರೆ ರೋಡ್ ವಾರಿಯರ್ಸ್. ಅವರ ಜೊತೆ 1986ರಲ್ಲಿ ಮೂರನೆಯವನು ಡಸ್ಟಿ ರೋಡ್ಸ್. 1988ರ ಕೊನೆಗೆ ಅವರೇ ಡಸ್ಟಿಯ ಮೇಲೆ ತಿರುಗಿಬಿದ್ದರು. ತಮ್ಮ ಭುಜದ ಕವಚದ ಮೇಲಿದ್ದ ಮೊಳೆಯನ್ನು ಅವನ ಕಣ್ಣಿಗೇ ಒತ್ತಿದರು. ಡಸ್ಟಿಯ ಜಾಗಕ್ಕೆ ಬಂದವನು ಜಪಾನ್‌ನ ಗೆನಿಚಿರೋ ಟೆನ್ರ್ಯು.

ಈಗ ನನ್ನ ತಕರಾರು. ಪಾಲು ಬಿಟ್ಟುಕೊಟ್ಟ ಅಂದರೆ ಆಯಿತಾ? ಪಹಣಿಯಲ್ಲಿ ಯಾರ ಹೆಸರು ಇರಬೇಕು? 1982ರ ಚಾಂಪಿಯನ್ ಡೇವಿಡ್‌ನಾ, ಬಡ್ಡಿಯಾ? 1984ರದ್ದು ಫ್ರಿಟ್ಜ್‌ನಾ, ಕೆರಿಯಾ? ಇಬ್ಬರ ಹೆಸರನ್ನೂ ಹಾಕಿದರೆ ಮೂವರ ಬೆಲ್ಟ್‌ಗೆ ನಾಲ್ವರು ಆಗುತ್ತಾರೆ. ನನ್ನ ಮಟ್ಟಿಗೆ ಕೊನೆಗೆ ಬೆಲ್ಟ್ ಹಿಡಿದು ಕಾಪಾಡಿದವನೇ ಚಾಂಪಿಯನ್.

ಮುಖವಾಡ:

ಮೆಕ್ಸಿಕೋ ಬಗ್ಗೆ ಯಾರೂ ಹೇಳಲಿಲ್ಲ! ಅಮೆರಿಕಾದಲ್ಲಿ ಮೂವರ ಪಂದ್ಯ ಅಂದರೆ ವಿಶೇಷ ದಿನಕ್ಕೆ ಮಾಡುವ ಹೋಳಿಗೆ. ಮೆಕ್ಸಿಕೋದಲ್ಲಿ ಅದು ದಿನದ ಅನ್ನ. ಸಂಜೆ ಲೂಚಾ, ಅಂದರೆ ಅಲ್ಲಿನ ಕುಸ್ತಿ, ನೋಡೋಕೆ ಹೋದರೆ ಹೆಚ್ಚಿನವು ಮೂರು ಮೂರು ಜನರ ಪಂದ್ಯಗಳೇ. ಇದಕ್ಕೆ ದೊಡ್ಡ ಕಾರಣ ಲಾಸ್ ಮಿಸಿಯೊನೆರೋಸ್ ದೆ ಲಾ ಮುಯೆರ್ತೆ ಅನ್ನುವ ತಂಡ. ಎಲ್ ಸಿಗ್ನೋ, ಎಲ್ ಟೆಹಾನೋ, ನೆಗ್ರೋ ನವಾರೋ. 80ರ ದಶಕದ ಶುರುವಿನಲ್ಲಿ ಇವರು ಒಟ್ಟಿಗೆ ನುಗ್ಗುವ ರೀತಿ ಜನರಿಗೆ ಎಷ್ಟು ಹಿಡಿಸಿತು ಅಂದರೆ ಎಲ್ಲರೂ ಮೂವರ ತಂಡ ಕಟ್ಟೋಕೆ ಶುರು ಮಾಡಿದರು. ಆಮೇಲೆ ಬೆಲ್ಟ್‌ಗಳೂ ಬಂದವು. ಸಿಎಂಎಲ್‌ಎಲ್ ಕಂಪನಿಯ ವರ್ಲ್ಡ್ ಟ್ರಿಯೋಸ್ (ಮೂವರ ತಂಡ) ಬೆಲ್ಟ್ 1991ರದು. ಮೊದಲು ಗೆದ್ದವರು ಲಾಸ್ ಇನ್ಫೆರ್ನಾಲೆಸ್: ಎಲ್ ಸಟಾನಿಕೋ, ಎಂಎಸ್-1, ಪಿರಾಟಾ ಮೋರ್ಗನ್.

ತುಮಕೂರಿನವರು ಕೇಳಿದ್ದಕ್ಕೆ ಇಲ್ಲಿ ಚೆಂದದ ಉತ್ತರ ಇದೆ. ಲೂಚಾದಲ್ಲಿ ಪ್ರತಿ ತಂಡಕ್ಕೂ ಒಬ್ಬ ಕ್ಯಾಪ್ಟನ್. ಒಂದು ಸುತ್ತು ಗೆಲ್ಲಬೇಕಾದರೆ ಎದುರಿನ ಕ್ಯಾಪ್ಟನ್‌ನನ್ನು ಸೋಲಿಸಬೇಕು, ಇಲ್ಲಾ ಉಳಿದ ಇಬ್ಬರನ್ನೂ ಸೋಲಿಸಬೇಕು. ಮೂರು ಸುತ್ತಿನಲ್ಲಿ ಎರಡು ಗೆದ್ದರೆ ಪಂದ್ಯ ನಿಮ್ಮದು. ಒಳಗಿದ್ದವನು ರಿಂಗ್‌ನಿಂದ ಹೊರಗೆ ಬಿದ್ದರೆ ಸಾಕು, ಜೊತೆಗಾರ ಒಳಗೆ ಬರಬಹುದು. ಅಮೆರಿಕಾದ ಹಾಗೆ ಕೈಗೆ ಕೈ ತಾಗಿಸುವ ಅಗತ್ಯವೇ ಇಲ್ಲ. ಅದಕ್ಕೇ ಅಷ್ಟು ವೇಗ. ಮೂವರು ಇದ್ದಾಗ ಯಾವ ಕ್ಷಣದಲ್ಲೂ ಒಬ್ಬ ಹಾರುತ್ತಿರುತ್ತಾನೆ, ಒಬ್ಬ ಬೀಳುತ್ತಿರುತ್ತಾನೆ, ಒಬ್ಬ ಎದ್ದೇಳುತ್ತಿರುತ್ತಾನೆ.

ಹೊಸಬ_ತುಮಕೂರು:

ಕ್ಯಾಪ್ಟನ್ ಇರುತ್ತಾನೆ ಅಂತ ಗೊತ್ತೇ ಇರಲಿಲ್ಲ. ಈಗ ಅರ್ಥ ಆಗುತ್ತಿದೆ. ಥ್ಯಾಂಕ್ಸ್.

ರಿಂಗ್‌ಸೈಡ್_ರಘು:

ನನಗೆ ಈ ಬೆಲ್ಟ್‌ಗಳ ಮೇಲೆ ಅಷ್ಟು ಗೌರವ ಇಲ್ಲ, ಕ್ಷಮಿಸಿ. ಕಾರಣ ಹೇಳುತ್ತೇನೆ. ನ್ಯೂ ಜಪಾನ್ ಕಂಪನಿಯ ನೆವರ್ ಸಿಕ್ಸ್ ಮ್ಯಾನ್ ಬೆಲ್ಟ್ ನೋಡಿ. 2016ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಶುರು. ಟೋರು ಯಾನೋ ಜೊತೆ ಜೇ ಮತ್ತು ಮಾರ್ಕ್ ಬ್ರಿಸ್ಕೋ ಗೆದ್ದರು. ಫೆಬ್ರವರಿ 11ಕ್ಕೆ ಬುಲೆಟ್ ಕ್ಲಬ್ ಅನ್ನುವ ಗುಂಪಿನವರು. 14ಕ್ಕೆ ಮತ್ತೆ ಯಾನೋ, ಬ್ರಿಸ್ಕೋಗಳು. 20ಕ್ಕೆ ಕೆನಿ ಒಮೇಗಾ ಮತ್ತು ಯಂಗ್ ಬಕ್ಸ್ ಜೋಡಿ. ಹತ್ತು ದಿನದಲ್ಲಿ ಮೂರು ಸಲ ಕೈ ಬದಲಾದರೆ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು? ದಿನದ ಪಂದ್ಯಪಟ್ಟಿಯಲ್ಲಿ ಜಾಗ ಸಿಗದವರನ್ನೆಲ್ಲ ಒಂದೇ ಪಂದ್ಯಕ್ಕೆ ತುಂಬೋಕೆ ಮಾಡಿದ ಬೆಲ್ಟ್ ಅನ್ನಿಸುತ್ತದೆ. ಡಬ್ಲ್ಯೂಡಬ್ಲ್ಯೂಇಯವರು (ಹಳೇ ಡಬ್ಲ್ಯೂಡಬ್ಲ್ಯೂಎಫ್) ಇಂಥ ಬೆಲ್ಟ್ ಇಟ್ಟುಕೊಳ್ಳದೇ ಇದ್ದಿದ್ದು ಸರಿಯಾಗಿಯೇ ಇದೆ.

ಸಂಪಿಗೆ:

ರಘು ಅವರೇ, ನೀವು ಹೇಳಿದ ದಿನಾಂಕಗಳು ಸರಿ. ಆದರೆ ಅಲ್ಲಿಗೇ ನಿಲ್ಲಿಸಿದಿರಿ. ಮುಂದೆ ನೋಡಿ.

ಅದೇ 2016ರ ಸೆಪ್ಟೆಂಬರ್ 25, ಕೋಬೆ. ಚಾಂಪಿಯನ್ನರು ಮ್ಯಾಟ್ ಸೈಡಲ್, ರಿಕೋಶೆ, ಸಟೋಶಿ ಕೊಜಿಮಾ. ಸೈಡಲ್ ಪಂದ್ಯಕ್ಕೆ ಬರಲಿಲ್ಲ. ಬೆಲ್ಟ್ ಖಾಲಿ ಆಯಿತು, ಅಂದರೆ ಚಾಂಪಿಯನ್ನರೇ ಇಲ್ಲ ಅಂತಾಯಿತು. ಅವನ ಜಾಗಕ್ಕೆ ಡೇವಿಡ್ ಫಿನ್ಲೇ ಅನ್ನುವ ಎಳೆಯ ಹುಡುಗ ನಿಂತ, ಮೂವರೂ ಗೆದ್ದರು. 1982ರಲ್ಲಿ ಬಡ್ಡಿ ಬಾರದೇ ಇದ್ದಾಗ ಡೇವಿಡ್ ನಿಂತ ಹಾಗೇ ಅಲ್ವಾ?

ಇನ್ನು ಯೋಶಿ-ಹಾಶಿ. ನನಗೆ ಈ ಮನುಷ್ಯನ ಬಗ್ಗೆ ಮಾತಾಡದೇ ಇರೋಕೆ ಆಗಲ್ಲ. 2008ರಲ್ಲಿ ಶುರು ಮಾಡಿದವನು. ವರ್ಷಗಟ್ಟಲೆ ಸೋತ. ಜೊತೆಯವರೆಲ್ಲ ಚಾಂಪಿಯನ್ ಆದರು, ಇವನು ಮಾತ್ರ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ. 2020ರ ಆಗಸ್ಟ್ 9ರಂದು ಕೊರಾಕುಯೆನ್ ಹಾಲ್‌ನಲ್ಲಿ ಹಿರೋಕಿ ಗೋಟೋ, ತೊಮೊಹಿರೋ ಇಶಿಯಿ ಜೊತೆ ಈ ಬೆಲ್ಟ್ ಗೆದ್ದ. ಅವನ ಜೀವನದ ಮೊದಲ ಬೆಲ್ಟ್. 38 ವರ್ಷ. ಕೊರೊನಾ ಕಾಲ ಅದು. ಜನ ಕೂಗುವ ಹಾಗಿರಲಿಲ್ಲ, ಬರೀ ಚಪ್ಪಾಳೆ. ಆ ಮೂವರು ಅದನ್ನು 454 ದಿನ ಕಾಪಾಡಿದರು. ಅಷ್ಟು ಕಾಲ ಆ ಬೆಲ್ಟ್ ಅದಕ್ಕೂ ಮೊದಲು ಯಾರ ಹತ್ತಿರವೂ ನಿಂತಿರಲಿಲ್ಲ. 2021ರ ನವೆಂಬರ್ 6ಕ್ಕೆ ಈವಿಲ್, ಶೋ, ಯುಜಿರೋ ತಕಹಾಶಿ ಸೋಲಿಸಿದರು. ಬೆಲೆ ಬೆಲ್ಟ್‌ನಲ್ಲಿ ಇರಲಿಲ್ಲ, ಆ ಮೂವರು ಅದಕ್ಕೆ ಬೆಲೆ ತಂದರು.

ಹೆಂಗಸರ ಕಡೆಯೂ ಒಂದಿದೆ. ಜಪಾನ್‌ನ ಸ್ಟಾರ್ಡಮ್ ಕಂಪನಿಯಲ್ಲಿ ಆರ್ಟಿಸ್ಟ್ ಆಫ್ ಸ್ಟಾರ್ಡಮ್ ಅಂತ ಮೂವರ ಬೆಲ್ಟ್ 2012ರಿಂದ ನಡೆಯುತ್ತಿದೆ. 2016ರಲ್ಲಿ ಅದನ್ನು ಗೆದ್ದ ಮೂವರಲ್ಲಿ ಇಬ್ಬರು ತಾಯಿ, ಮಗಳು. ಕ್ಯೋಕೋ ಕಿಮುರಾ ಮತ್ತು ಹಾನಾ ಕಿಮುರಾ, ಜೊತೆಗೆ ಕಗೆತ್ಸು. ತಾಯಿ ಮುಂದಿನ ಜನವರಿಯಲ್ಲಿ ನಿವೃತ್ತಿ ಆದರು. ಮಗಳು 2020ರಲ್ಲಿ, 22 ವರ್ಷಕ್ಕೇ ಹೋಗಿಬಿಟ್ಟಳು. ಅಮ್ಮನ ಪಕ್ಕದಲ್ಲಿ ಬೆಲ್ಟ್ ಹಿಡಿದು ನಿಂತ ಆ ಹುಡುಗಿಯ ಫೋಟೋ ನೋಡಿ, ಆಮೇಲೆ ಹೇಳಿ, ಈ ಬೆಲ್ಟ್‌ಗೆ ಗೌರವ ಇಲ್ಲ ಅಂತ.

ರಿಂಗ್‌ಸೈಡ್_ರಘು:

ಮೇಡಂ, ಯೋಶಿ-ಹಾಶಿ ವಿಷಯ ಒಪ್ಪಿದೆ. ಕಿಮುರಾ ಅವರದ್ದು ತಾಯಿ ಮಗಳ ಜೋಡಿ ಅಂತ ಗೊತ್ತಿರಲಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಹೊಸ ಕಂಪನಿಗಳು ಬೆಲ್ಟ್ ತಂದು ಅವಸರದಲ್ಲಿ ಹಾಳು ಮಾಡುತ್ತವೆ. ಅಮೆರಿಕಾದ ಎಇಡಬ್ಲ್ಯೂ ಕಂಪನಿಯ ಟ್ರಿಯೋಸ್ ಬೆಲ್ಟ್ 2022ರ ಸೆಪ್ಟೆಂಬರ್ 4ರಂದು ಶುರುವಾಯಿತು. ಒಮೇಗಾ, ಯಂಗ್ ಬಕ್ಸ್ ಗೆದ್ದರು. ಅದೇ ರಾತ್ರಿ ತೆರೆಯ ಹಿಂದೆ ನಿಜವಾದ ಹೊಡೆದಾಟ. ಮೂರು ದಿನಕ್ಕೆ ಬೆಲ್ಟ್ ಖಾಲಿ ಮಾಡಿ, ಪ್ಯಾಕ್ ಮತ್ತು ಲೂಚಾ ಬ್ರದರ್ಸ್‌ಗೆ ಹೋಯಿತು. ಆ ಮೇಲೆ ಇವೆರಡೂ ತಂಡಗಳು ಆಡಿದ ಏಳು ಪಂದ್ಯಗಳ ಸರಣಿ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ.

ಇರ್ವಿಂಗ್_ಕನ್ನಡಿಗ:

ಕೆಮ್ಮಣ್ಣು ಸರ್, ನಾನು ಹನ್ನೊಂದು ವರ್ಷದಿಂದ ಇರ್ವಿಂಗ್‌ನಲ್ಲೇ ಇದ್ದೇನೆ. ನೀವು ಬರೆದ ಟೆಕ್ಸಾಸ್ ಸ್ಟೇಡಿಯಂ ಈಗಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಫೋಟಿಸಿ ಕೆಡವಿದರು. ರಿಯೂನಿಯನ್ ಅರೇನಾ 2009ರಲ್ಲಿ ಹೋಯಿತು. ವರ್ಲ್ಡ್ ಕ್ಲಾಸ್‌ನವರ ಮನೆಯಂತಿದ್ದ ಸ್ಪೋರ್ಟಟೋರಿಯಂ ಇವೆರಡಕ್ಕೂ ಮೊದಲೇ, 2003ರಲ್ಲಿ. ಈ ಬೆಲ್ಟ್‌ನ ಕಥೆ ನಡೆದ ಮೂರು ಕಟ್ಟಡಗಳೂ ನೆಲಸಮ.

ಇಲ್ಲಿನ ಹಳಬರ ಜೊತೆ ಮಾತಾಡಿದರೆ ಇಂದಿಗೂ ಕೆವಿನ್, ಡೇವಿಡ್, ಕೆರಿ ಅಂತ ಪಕ್ಕದ ಮನೆ ಹುಡುಗರ ಹಾಗೆ ಹೆಸರು ಹಿಡಿದು ಮಾತಾಡುತ್ತಾರೆ. ನಾನು ಕೆಲಸ ಮಾಡುವಲ್ಲಿ ವಯಸ್ಸಾದ ಒಬ್ಬರಿದ್ದರು. 1984ರ ಆ ದಿನ ಅವರು ಸ್ಟೇಡಿಯಂನಲ್ಲಿ ಇದ್ದರಂತೆ. ಕೆರಿ ಗೆದ್ದಾಗ ಅತ್ತುಬಿಟ್ಟೆ ಅಂತ ಹೇಳಿದರು. ಫ್ರಿಟ್ಜ್ ರಿಂಗ್‌ಗೆ ಇಳಿದದ್ದರ ಬಗ್ಗೆ ಕೇಳಿದೆ. ಏನೂ ಹೇಳಲಿಲ್ಲ, ಸುಮ್ನೆ ತಲೆ ಅಲ್ಲಾಡಿಸಿದರು.

ಕೆಮ್ಮಣ್ಣು:

ಮೈ ಝುಂ ಅಂತು ಸರ್. ದಯವಿಟ್ಟು ಅವರ ಹತ್ತಿರ ಇನ್ನೂ ಕೇಳಿ, ಸಾಧ್ಯವಾದರೆ ಬರೆದುಕೊಳ್ಳಿ.

ರಘು ಅವರೇ, ಅವಸರದ ಬಗ್ಗೆ ನಿಮ್ಮ ಮಾತು ನಿಜ. ಟೆಕ್ಸಾಸ್‌ನಲ್ಲೂ ಅದೇ ತಪ್ಪು ಆಯಿತು, ಬೇರೆ ರೀತಿಯಲ್ಲಿ. 1985ರಲ್ಲಿ ಭುಜದ ಆಪರೇಷನ್ ಆದ ಮೇಲೆ ಮೈಕ್‌ಗೆ ಸೋಂಕು ಏರಿ ಸಾಯುವ ಸ್ಥಿತಿಗೆ ಹೋದ. ಕೆವಿನ್, ಕೆರಿ ಇಬ್ಬರೇ ಉಳಿದರು. ಮೂರನೆಯವನು ಬೇಕಾಯಿತು. ಆಗ ಲ್ಯಾನ್ಸ್ ವಾನ್ ಎರಿಕ್ ಅಂತ ಒಬ್ಬನನ್ನು ತಂದು, ಇವನು ಚಿಕ್ಕಪ್ಪನ ಮಗ ಅಂತ ಜನರಿಗೆ ಹೇಳಿದರು. ಯಾವ ಸಂಬಂಧವೂ ಇರಲಿಲ್ಲ. ಅವನು ಕಂಪನಿ ಬಿಟ್ಟಾಗ ಇವರೇ ಟಿವಿಯಲ್ಲಿ ನಿಜ ಹೇಳಿಬಿಟ್ಟರು. ಡಲ್ಲಾಸ್ ಜನ ಆ ಹುಡುಗರನ್ನು ಮನೆ ಮಕ್ಕಳು ಅಂತ ನಂಬಿದ್ದರು. ಆ ನಂಬಿಕೆಗೆ ಆ ದಿನ ಪೆಟ್ಟು ಬಿತ್ತು. ಅದನ್ನು ಯೋಚಿಸಿದಾಗ ನನಗೆ ಈಗಲೂ ಬೇಜಾರಾಗುತ್ತದೆ. ಮೈಕ್ 1987ರಲ್ಲಿ, ಕ್ರಿಸ್ 1991ರಲ್ಲಿ, ಕೆರಿ 1993ರಲ್ಲಿ ಹೋದರು. ಮೂವರೂ ತಾವಾಗಿಯೇ ಜೀವ ಬಿಟ್ಟವರು. ಉಳಿದವನು ಕೆವಿನ್ ಒಬ್ಬನೇ.

ಲೆಕ್ಕದಪುಸ್ತಕ:

ಕೆವಿನ್ ಅಂದ ಕೂಡಲೇ ನೆನಪಾಯಿತು. ಇದು ಈ ಚರ್ಚೆಗೆ ಬೇಕೇ ಬೇಕು.

1991ರಲ್ಲಿ ಡಬ್ಲ್ಯೂಸಿಡಬ್ಲ್ಯೂ ಅನ್ನುವ ಬೇರೆ ಕಂಪನಿ ಕೂಡ ಒಂದು ಸಿಕ್ಸ್ ಮ್ಯಾನ್ ಬೆಲ್ಟ್ ತಂದಿತ್ತು. ಫೆಬ್ರವರಿಯಲ್ಲಿ ಶುರು, ವರ್ಷ ಮುಗಿಯುವ ಮೊದಲೇ ಮಾಯ. ಆ ಚಿಕ್ಕ ಪಟ್ಟಿಯಲ್ಲೂ ಮೈಕಲ್ ಹೇಯ್ಸ್ ಇದ್ದಾನೆ, ಫ್ರೀಬರ್ಡ್ಸ್ ಹೆಸರಲ್ಲಿ. ಅವರ ನಂತರ ಗೆದ್ದವರು ಟಾಮ್ ಜೆಂಕ್, ಬಿಗ್ ಜಾಶ್ ಮತ್ತು 22 ವರ್ಷದ ಡಸ್ಟಿನ್ ರೋಡ್ಸ್. ಕ್ರಾಕೆಟ್ ಬೆಲ್ಟ್ ಹಿಡಿದಿದ್ದ ಡಸ್ಟಿಯ ಮಗ.

ಈಗ 2024ಕ್ಕೆ ಬನ್ನಿ. ರಿಂಗ್ ಆಫ್ ಆನರ್ ಕಂಪನಿಯ ಸಿಕ್ಸ್ ಮ್ಯಾನ್ ಬೆಲ್ಟ್. ಊರು ಟೆಕ್ಸಾಸ್‌ನ ಆರ್ಲಿಂಗ್ಟನ್, ಡಲ್ಲಾಸ್ ಪಕ್ಕದಲ್ಲೇ. ಗೆದ್ದವರು ಸನ್ಸ್ ಆಫ್ ಟೆಕ್ಸಾಸ್. ಮಾರ್ಷಲ್ ಮತ್ತು ರಾಸ್ ವಾನ್ ಎರಿಕ್, ಕೆವಿನ್ ಮಕ್ಕಳು, ಫ್ರಿಟ್ಜ್ ಮೊಮ್ಮಕ್ಕಳು. ಅವರ ಜೊತೆ ಮೂರನೆಯವನು ಯಾರು ಗೊತ್ತಾ? ಅದೇ ಡಸ್ಟಿನ್ ರೋಡ್ಸ್. 33 ವರ್ಷದ ನಂತರ ಮತ್ತೆ ಮೂವರ ಬೆಲ್ಟ್.

ಇರ್ವಿಂಗ್_ಕನ್ನಡಿಗ:

ಅವತ್ತು ನಾನು ಮನೆಯಲ್ಲಿ ಮಗಳ ಜೊತೆ ಕೂತು ನೋಡಿದೆ. ಅವಳಿಗೆ ಏಳು ವರ್ಷ. 'ಅಪ್ಪಾ, ಆ ಅಂಕಲ್ ಅವರ ಅಣ್ಣನಾ?' ಅಂತ ಡಸ್ಟಿನ್‌ನನ್ನು ತೋರಿಸಿ ಕೇಳಿದಳು. ಅಲ್ಲ ಪುಟ್ಟ, ಬೇರೆ ಮನೆಯವರು, ಆದರೆ ಜೊತೆಗೆ ನಿಂತಿದ್ದಾರೆ ಅಂದೆ.

ಟ್ರಂಪ್‌ಕಾರ್ಡ್_ಹುಡುಗ:

ಹೇಯ್ಸ್ ವಿಷಯ ಬಂತಲ್ಲ, ಇದನ್ನೂ ಸೇರಿಸಿ. 2009ರಲ್ಲಿ ವಾನ್ ಎರಿಕ್ ಮನೆತನವನ್ನು ಡಬ್ಲ್ಯೂಡಬ್ಲ್ಯೂಇ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ವೇದಿಕೆ ಮೇಲೆ ನಿಂತು ಅವರನ್ನು ಬರಮಾಡಿಕೊಂಡವನು ಮೈಕಲ್ ಹೇಯ್ಸ್. ಗೌರವ ತೆಗೆದುಕೊಂಡವನು ಕೆವಿನ್. 1982ರ ಬಾಗಿಲು ನೆನಪಿಟ್ಟುಕೊಂಡು ಆ ವಿಡಿಯೋ ನೋಡಿ.

ಕೆಮ್ಮಣ್ಣು:

ನೋಡಿದೆ. ಎರಡು ಸಲ ನೋಡಿದೆ.

ಲೆಕ್ಕದಪುಸ್ತಕ ಸರ್, ನಿಮ್ಮ ತಕರಾರಿಗೆ ಉತ್ತರ ಕೊಟ್ಟಿರಲಿಲ್ಲ. ನಾನು ಒಂದು ನೋಟ್‌ಬುಕ್‌ನಲ್ಲಿ ಈ ಬೆಲ್ಟ್‌ನ ಪಟ್ಟಿ ಬರೆಯುತ್ತಿದ್ದೇನೆ. 1982ರ ಸಾಲಿನಲ್ಲಿ ಹೇಯ್ಸ್, ಗಾರ್ಡಿ, ಡೇವಿಡ್ ಅಂತ ಬರೆದಿದ್ದೇನೆ. ಬಡ್ಡಿಯ ಹೆಸರನ್ನು ಅದರ ಕೆಳಗಿನ ಸಾಲಿನಲ್ಲಿ ಹಾಕಿದ್ದೇನೆ. 1984ಕ್ಕೆ ಕೆವಿನ್, ಮೈಕ್, ಫ್ರಿಟ್ಜ್. ಕೆಳಗೆ ಕೆರಿ. ಕೊಟ್ಟವನ ಹೆಸರು ಮೇಲೆ, ಪಡೆದವನ ಹೆಸರು ಕೆಳಗೆ. ನಾಲ್ವರು ಆದರೂ ಪರವಾಗಿಲ್ಲ.

ಲೆಕ್ಕದಪುಸ್ತಕ:

ಹಾಗಾದರೆ ಕೋಬೆಯದ್ದು? ಸೈಡಲ್ ಹೆಸರು ಫಿನ್ಲೇ ಮೇಲೆ ಬರಬೇಕಾ?

ಸಂಪಿಗೆ:

ಬೇಡ ಸರ್. ಸೈಡಲ್ ಬಿಟ್ಟುಕೊಡಲಿಲ್ಲ, ಬರಲೇ ಇಲ್ಲ. ಅಲ್ಲಿ ಫಿನ್ಲೇ ರಿಂಗ್‌ಗೆ ಇಳಿದು ಗೆದ್ದಿದ್ದಾನೆ. ಅವನ ಹೆಸರು ಒಂದೇ ಸಾಕು.

ಲೆಕ್ಕದಪುಸ್ತಕ:

ಸರಿ. ನನ್ನ ಪುಸ್ತಕದಲ್ಲೂ 1982ಕ್ಕೆ ಡೇವಿಡ್ ವಾನ್ ಎರಿಕ್ ಹೆಸರು ಸೇರಿಸುತ್ತೇನೆ.